ಅಜ್ಜಿಯ ಹಿಂದಿನ ಗೋಡೆ

ಸಾಗರ, 14 ಜುಲೈ 2024, ಭಾನುವಾರ

ಬೆಳಗಿನಿಂದ ಪುನರ್ವಸು ಮಳೆ ಬಿಟ್ಟಿಲ್ಲ. ಹನ್ನೊಂದು ಗಂಟೆಯಾದರೂ ಜಗಲಿಯಲ್ಲಿ ಮುಸ್ಸಂಜೆಯ ಬೆಳಕೇ ಇದ್ದುದರಿಂದ ಬಣ್ಣ ಬೆರೆಸುವ ಧೈರ್ಯವಾಗಲಿಲ್ಲ. ಮೂರು ವಾರದಿಂದ ಈಸಲ್ ಮೇಲೆಯೇ ಇರುವ ಅಜ್ಜಿಯ ಭಾವಚಿತ್ರದ ಎದುರು ಕುಳಿತು, ಅದರ ಹಿನ್ನೆಲೆಯಲ್ಲಿ ನಾನು ಎಲ್ಲೆಲ್ಲಿ ಎಡವಿದೆ ಎಂಬುದನ್ನು ಮರೆಯುವ ಮುನ್ನ ಬರೆದಿಡುತ್ತಿದ್ದೇನೆ.

ಅಜ್ಜಿ ನಮಗೆ ನೆಂಟರಲ್ಲ. ಪಕ್ಕದ ಊರಿನ ದೀವರ ಸಮುದಾಯದ ಮನೆಯವರು, ಮೈಯಲ್ಲಿ ಕಸುವಿದ್ದಷ್ಟು ಕಾಲ ಮದುವೆ ಮನೆಗಳ ಕೆಮ್ಮಣ್ಣಿನ ಗೋಡೆಗೆ ಬಿಳಿ ಗೆರೆಗಳ ಹಸೆ ಚಿತ್ತಾರ ಬರೆದವರು. ಚಿತ್ರ ಬರೆಸುತ್ತಿರುವುದು ಬೆಂಗಳೂರಿನಲ್ಲಿರುವ ಅವರ ಮೊಮ್ಮಗ. ಅವನು ಮೊದಲು ಕೇಳಿದ್ದು ಅಜ್ಜಿಯ ಹಿಂದೆ ಜೋಗದ ಜಲಪಾತ. ಹಳೆಯ ಸ್ಟುಡಿಯೋಗಳಲ್ಲಿ ಪರದೆಯ ಮೇಲೆ ಬರೆದ ಚಂದ್ರ, ಕೊಳ, ಮೆಟ್ಟಿಲುಗಳ ಮುಂದೆ ಗಂಡು ಹೆಣ್ಣನ್ನು ಕೂರಿಸಿ ತೆಗೆದ ಫೋಟೋಗಳು ನನಗೂ ಪ್ರಿಯವೇ. ಆದರೆ ಜೋಗ ಬಂದರೆ ಅಜ್ಜಿ ಅಲ್ಲಿಗೆ ಪ್ರವಾಸ ಹೋದಂತೆ ಕಾಣುತ್ತಾರೆಂದು ಹೇಳಿ ತಪ್ಪಿಸಿಕೊಂಡೆ. ಬಳಿಕ ಅವನು ಕಪ್ಪು ಹಿನ್ನೆಲೆ ಸಾಕೆಂದು, ಮುತ್ತಿನ ಓಲೆ ತೊಟ್ಟ ಹುಡುಗಿಯ ಡಚ್ ಚಿತ್ರವನ್ನು ಮಾದರಿಯಾಗಿ ಕಳುಹಿಸಿದ. 1665ರ ಸುಮಾರಿಗೆ ವರ್ಮೀರ್ ಬರೆದ ಆ ಚಿತ್ರದ ಹಿಂದೆ ಮೊದಲು ಇದ್ದದ್ದು ಕಪ್ಪಲ್ಲ, ಹಸಿರು ಪರದೆ. ನೀಲಿಗಿಡದ ಬಣ್ಣವನ್ನೂ ಇನ್ನೊಂದು ಗಿಡದ ಹಳದಿಯನ್ನೂ ಸೇರಿಸಿ ಬಳಿದ ತೆಳುಪದರ ಕಾಲಕ್ರಮದಲ್ಲಿ ಕೆಟ್ಟು ಅದು ಹಾಗಾಗಿದೆ. ಇದನ್ನು ವಿವರಿಸಿದ ಮೇಲೆ ಅವನು, ಹಾಗಿದ್ದರೆ ಚಿತ್ತಾರವೇ ಇರಲಿ ಎಂದ. ಅದಕ್ಕಿಂತ ಸರಿಯಾದದ್ದು ಇರಲಾರದು ಎನಿಸಿ ಒಪ್ಪಿಕೊಂಡೆ. ಯಾವ ಗೋಡೆ ಎಂಬುದು ಅಲ್ಲಿಗೆ ತೀರ್ಮಾನವಾಯಿತು. ಆ ಗೋಡೆಯನ್ನು ಎಷ್ಟು ಕಾಣಿಸಬೇಕು ಎಂಬುದರ ಬಗ್ಗೆ ಮಾತ್ರ ನಾನು ಯೋಚಿಸಲೇ ಇಲ್ಲ.

ಮೊದಲ ತಪ್ಪು ಕ್ರಮದ್ದು. ಬಿಳಿಯ ಕ್ಯಾನ್ವಾಸಿನ ಮೇಲೆ ನೇರವಾಗಿ ಮುಖವನ್ನು ಬರೆದು ಮುಗಿಸಿ, ಗೋಡೆಯನ್ನು ಆಮೇಲೆ ಸುತ್ತ ತುಂಬಿದರಾಯಿತು ಎಂದುಕೊಂಡೆ. ಬಿಳಿಯ ನಡುವೆ ಯಾವ ಬಣ್ಣವಾದರೂ ಇರುವುದಕ್ಕಿಂತ ಗಾಢವಾಗಿ ಕಾಣುವುದರಿಂದ, ಅಜ್ಜಿಯ ಎಣ್ಣೆಗಪ್ಪು ಮೈಬಣ್ಣವನ್ನು ನನಗೆ ತಿಳಿಯದಂತೆಯೇ ತಿಳಿಗೊಳಿಸುತ್ತ ಹೋಗಿದ್ದೆ. ಹಿಂದೆ ಕೆಮ್ಮಣ್ಣಿನ ಬಣ್ಣ ಬಂದ ಕೂಡಲೇ ಮುಖ ಪೌಡರ್ ಹಚ್ಚಿದಂತೆ ಬಿಳಿಚಿಕೊಂಡಿತು, ಅಂಚುಗಳು ಕತ್ತರಿಸಿ ಅಂಟಿಸಿದಂತಾದವು. ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆಶಾಲೆಯಲ್ಲಿ ಬಣ್ಣದ ಉಸ್ತುವಾರಿ ನೋಡುತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರಲ್, ಕಪ್ಪು ನೂಲಿಗೆ ಕಸುವಿಲ್ಲವೆಂಬ ದೂರು ಬಂದಾಗ ಪರೀಕ್ಷಿಸಿ, ದೋಷ ನೂಲಿನದಲ್ಲ, ಅದರ ಪಕ್ಕ ನೇಯ್ದ ನೀಲಿ ನೇರಳೆಗಳದು ಎಂದು ಕಂಡುಕೊಂಡು, 1839ರಲ್ಲಿ ಅದನ್ನು ದೊಡ್ಡ ಗ್ರಂಥವಾಗಿಯೇ ಪ್ರಕಟಿಸಿದ. ಈ ಸಂಗತಿಯನ್ನು ಮಕ್ಕಳಿಗೆ ಎಷ್ಟೋ ಸಲ ಹೇಳಿಕೊಟ್ಟಿರುವ ನಾನೇ ಬಿಳಿಯ ಕ್ಯಾನ್ವಾಸಿಗೆ ಮೋಸಹೋದೆ.

ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ಮೊದಲ ದಿನ ಅಜ್ಜಿಯನ್ನು ಜಗಲಿಯ ಅಂಚಿನಲ್ಲಿ, ಅಡಿಕೆ ತೋಟದ ಕಡೆಗೆ ಮುಖಮಾಡಿ ಕೂರಿಸಿದ್ದೆ. ಮಳೆಗಾಲದ ತೋಟದ ಹಸಿರು ಅವರ ಗಲ್ಲದ ಕೆಳಗೂ ಕತ್ತಿನ ಮಡಿಕೆಗಳಲ್ಲೂ ಬಿದ್ದಿತ್ತು, ಅದನ್ನು ಕಂಡಂತೆಯೇ ಬರೆದಿದ್ದೆ. ಚಿತ್ರದೊಳಗಿನ ಅಜ್ಜಿ ಈಗ ಕುಳಿತಿರುವುದು ಒಳಮನೆಯ ಕೆಂಪು ಗೋಡೆಯ ಎದುರು; ಗಲ್ಲದ ಕೆಳಗಿನ ಹಸಿರು ಅಲ್ಲಿಗೆ ಬಂದದ್ದಾದರೂ ಎಲ್ಲಿಂದ? ನೋಡುವವರಿಗೆ ಕಾರಣ ತಿಳಿಯದಿದ್ದರೂ, ಮುಖ ಒಂದು ಕಡೆಯದು, ಗೋಡೆ ಇನ್ನೊಂದು ಕಡೆಯದು ಎಂಬ ಅನುಮಾನ ಬಂದೇ ಬರುತ್ತದೆ. ಕಳೆದ ವಾರ ಅವರನ್ನು ಗೋಡೆಯ ಹತ್ತಿರವೇ ಕೂರಿಸಿಕೊಂಡು, ನೆರಳಿನ ಭಾಗವನ್ನು ಕೆರೆದು ತೆಗೆದು, ಗೋಡೆಗೆ ಬಳಸಿದ ಕೆಂಪನ್ನೇ ಸ್ವಲ್ಪ ಸೇರಿಸಿ ಮತ್ತೆ ಬರೆದೆ. ಒಂದೇ ಪ್ಯಾಲೆಟ್ಟಿನ ಬಣ್ಣ ಎರಡೂ ಕಡೆ ಓಡಾಡಿದ ಮೇಲೆ ಅಜ್ಜಿ ಆ ಮನೆಯವರಾದರು.

ಹೆಚ್ಚು ಕಾಡಿದ್ದು ಚಿತ್ತಾರದ ಬಿಳಿ. ಅಕ್ಕಿಹಿಟ್ಟಿನಿಂದ ಪುಂಡಿನಾರಿನ ಕುಂಚದಲ್ಲಿ ಎಳೆದ ಆ ಗೆರೆಗಳು ಕೆಮ್ಮಣ್ಣಿನ ಮೇಲೆ ಹೊಳೆಯಬೇಕು, ಅವುಗಳ ಅಂದವೇ ಅದು. ಆದರೆ ಅಜ್ಜಿಯ ತಲೆಯೂ ಪೂರ್ತಿ ನರೆತಿದೆ. ಬಿಳಿಗೆ ಬಿಳಿ ಎದುರಾಗಿ, ತಲೆಯ ಸುತ್ತಿನ ಗೆರೆಗಳು ಬಾಸಿಂಗದಂತೆ ಕಾಣತೊಡಗಿದವು. ನೋಟ ಕಣ್ಣುಗಳ ಮೇಲೆ ನಿಲ್ಲದೆ ಗೆರೆಗಳ ಲೆಕ್ಕಕ್ಕೆ ಇಳಿಯುತ್ತಿತ್ತು. ಚಿತ್ರದ ಫೋಟೋ ತೆಗೆದು ಫೋನಿನಲ್ಲಿ ಕಪ್ಪು ಬಿಳುಪು ಮಾಡಿ ನೋಡಿದಾಗ, ಮುಖಕ್ಕಿಂತ ಗೋಡೆಯೇ ಮುಂದೆ ಬಂದು ನಿಂತಿತ್ತು.

ಒಣಗಿದ ಚಿತ್ರದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು, ಹಾಳೆಯ ಮೇಲೆಯೇ ಬಣ್ಣ ಹಚ್ಚಿ ಒರೆಸುತ್ತ ನಾಲ್ಕೈದು ಬಗೆಯಲ್ಲಿ ಪ್ರಯತ್ನಿಸಿದೆ. ಚಿತ್ತಾರವನ್ನು ಪೂರ್ತಿ ಅಳಿಸಿದರೆ ಅಜ್ಜಿ ಯಾರಾದರೂ ಆಗಬಹುದಿತ್ತು. ಕೊನೆಗೆ ಅದನ್ನು ತಲೆಯಿಂದ ದೂರ ಸರಿಸಿ ಬಲಗಡೆಯ ಮೇಲ್ಮೂಲೆಯಲ್ಲಿ ಉಳಿಸಿಕೊಂಡೆ. ಬಿಳಿಗೆ ರಾ ಅಂಬರ್ ಎಂಬ ಮಣ್ಣುಗಂದು ಬಣ್ಣವನ್ನೂ ಗೋಡೆಯ ಕೆಂಪನ್ನೂ ಬೆರೆಸಿ, ಹೊಳಪಿನಲ್ಲಿ ನರೆಗೂದಲಿಗಿಂತ ಎರಡು ಮೆಟ್ಟಿಲು ಕೆಳಗಿಳಿಸಿ, ಹಸಿಯಿರುವಾಗಲೇ ಒಣ ಕುಂಚದಿಂದ ಗೆರೆಗಳ ಅಂಚನ್ನು ಸವರಿದೆ. ಬೆಳಕು ಬಿದ್ದ ಮೈಯ ಹಿಂದೆ ಕತ್ತಲು, ನೆರಳಿನ ಮೈಯ ಹಿಂದೆ ಬೆಳಕು ಇರಲಿ ಎಂಬುದು ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಕೊಟ್ಟ ಸಲಹೆ. ಆ ಒಳಮನೆಯಲ್ಲಿ ಅದು ತಾನಾಗಿಯೇ ಒದಗಿತ್ತು: ಎಡಗಡೆಯ ಕಿಟಕಿಯ ಬೆಳಕು ಅಜ್ಜಿಯ ಎಡಗೆನ್ನೆಯನ್ನು ಮುಟ್ಟಿ, ಅವರನ್ನು ದಾಟಿ ಬಲಗಡೆಯ ಗೋಡೆಗೆ ಬೀಳುತ್ತದೆ, ಎಡಗಡೆಯ ಗೋಡೆ ಕತ್ತಲಲ್ಲೇ ಉಳಿಯುತ್ತದೆ. ಎಡಗೆನ್ನೆಯ ಅಂಚನ್ನು ಸ್ಪಷ್ಟವಾಗಿಟ್ಟೆ; ಬಲಗಡೆ ಕಿವಿಯ ಕೆಳಗೆ ಮಾತ್ರ ಸೆರಗಿನ ನೆರಳೂ ಗೋಡೆಯೂ ಒಂದೇ ಬಣ್ಣವಾಗಿ ಸೇರಿಹೋಗಲು ಬಿಟ್ಟೆ. ಇಡೀ ಚಿತ್ರದಲ್ಲಿ ನನಗೆ ಸಮಾಧಾನ ಕೊಟ್ಟಿರುವುದು ಆ ಎರಡು ಅಂಗುಲದ ಜಾಗ.

ನಿನ್ನೆ ಮಳೆ ಹೊಳವಾದಾಗ ಅಜ್ಜಿ ಬಂದು ನೋಡಿದರು. ತಮ್ಮ ಮುಖದ ಬಗ್ಗೆ ಏನನ್ನೂ ಹೇಳಲಿಲ್ಲ. ಮೂಲೆಯ ಚಿತ್ತಾರವನ್ನು ಬಹಳ ಹೊತ್ತು ನೋಡಿ, ಗೆರೆ ಮಾಸಿದ್ದರೆ ಮಾಸಿರಲಿ, ಆದರೆ ಅಂಚಿನ ಜೋಡಿಗೆರೆ ಮೂಲೆಯಲ್ಲಿ ಕೂಡಿಕೊಳ್ಳದೆ ಹಾಗೇ ನಿಂತಿದೆ, ಹಾಗೆ ಯಾರೂ ಬಿಡುವುದಿಲ್ಲ ಎಂದರು. ನಾನು ಸವರಿ ಮಬ್ಬಾಗಿಸಿದ ಜಾಗವೇ ಅದು. ಅಂಬರ್ ಇರುವ ಭಾಗ ಈ ಥಂಡಿಯಲ್ಲೂ ಬೇಗ ಒಣಗಿದೆ, ಬಿಳಿ ಹೆಚ್ಚಿರುವ ಗೆರೆಗಳು ಇನ್ನೂ ಬೆರಳಿಗೆ ಅಂಟುತ್ತಿವೆ. ನಾಳೆ ಸ್ವಲ್ಪ ಬೆಳಕಾದರೆ, ಬಣ್ಣವನ್ನು ಏರಿಸದೆ ಆ ಎರಡು ಗೆರೆಗಳನ್ನು ಕೂಡಿಸಬೇಕು.