ರೋಸ್ಟ್‌ಫ್ರೈ ಕಂಪನಿಯ ಚಾಕು

ಡುಸೆಲ್‌ಡಾರ್ಫ್‌ನ ಒಂದು ಹಳೇ ಸಾಮಾನಿನ ಸಂತೆಯಲ್ಲಿ 15 ಯೂರೋ ಕೊಟ್ಟು ಮಡಚುವ ಚಾಕು ಕೊಂಡೆ. ಎರಡು ಅಲಗು, ಹಳದಿಗಟ್ಟಿದ ಸೆಲ್ಯುಲಾಯ್ಡ್ ಹಿಡಿ, ಬೆರಳುದ್ದದ್ದು. ದೊಡ್ಡ ಅಲಗಿನ ಬುಡದಲ್ಲಿ ಒಂದು ಕಡೆ 'ರೋಸ್ಟ್‌ಫ್ರೈ', ಇನ್ನೊಂದು ಕಡೆ 'ಸೋಲಿಂಗೆನ್ ಜರ್ಮನಿ' ಎಂದು ಅಚ್ಚೊತ್ತಿತ್ತು. ಅಕ್ಕನ ಮನೆಗೆ ಬಂದವನೇ, "ರೋಸ್ಟ್‌ಫ್ರೈ ಅಂತ ಹಳೇ ಕಂಪನಿದು, ಅಪರೂಪದ್ದು" ಎಂದು ಜಂಬ ಕೊಚ್ಚಿದೆ.

ಭಾವ ಕಾಫಿ ಲೋಟ ಕೆಳಗಿಟ್ಟು ನಕ್ಕರು. "ಮಾರಾಯ, ರೋಸ್ಟ್‌ಫ್ರೈ ಅಂದ್ರೆ ತುಕ್ಕು ಹಿಡಿಯದ್ದು ಅಂತ." ಅಕ್ಕ ಅಡುಗೆಮನೆಯಿಂದ ಒಂದು ಚಮಚ ತಂದು ತಿರುಗಿಸಿ ತೋರಿಸಿದಳು. ಅದೂ ರೋಸ್ಟ್‌ಫ್ರೈ ಕಂಪನಿಯದೇ!

ಹಾಗಾದರೆ ಇದನ್ನು ಮಾಡಿದ್ದು ಯಾರು? ಮರುದಿನ ಭಾನುವಾರ. ಭಾವನನ್ನು ಹೊರಡಿಸಿಕೊಂಡು ಎಸ್-1 ರೈಲು ಹತ್ತಿದೆ. ಚಾಕು ಕತ್ತಿಗಳಿಗೆ ಹೆಸರಾದ ಊರು ಸೋಲಿಂಗೆನ್ ಏನೂ ದೂರವಿಲ್ಲ. ಸ್ಟೇಷನ್ನಿನಿಂದ ಮುಂದಕ್ಕೆ ತಂತಿಗೆ ಕೊಂಬು ತಾಗಿಸಿಕೊಂಡು ಓಡುವ ಟ್ರಾಲಿಬಸ್ಸು. ಊರು ನೋಡಲು ಅಂಥ ಚಂದವೇನಿಲ್ಲ, ಯುದ್ಧದ ಬಾಂಬಿಗೆ ಸಿಕ್ಕಿ ಮತ್ತೆ ಕಟ್ಟಿಸಿಕೊಂಡದ್ದು. ಆದರೆ ಊರಿನ ಹಳೇ ಭಾಗ ಗ್ರೇಫ್ರಾಟ್‌ನಲ್ಲಿ ಇಳಿದರೆ ಬೇರೆಯೇ ಲೋಕ. ಕಪ್ಪು ಕಲ್ಲುಬಿಲ್ಲೆ ಹೊದ್ದ ಗೋಡೆಗಳು, ಬಿಳಿ ಚೌಕಟ್ಟು, ಹಸಿರು ಕಿಟಕಿ ಬಾಗಿಲು. ಅಲ್ಲೇ ಮೇಲೆ, ಹಳೆಯ ಸನ್ಯಾಸಿನಿಯರ ಮಠದ ಕಟ್ಟಡದಲ್ಲಿ ಅಲಗುಗಳ ಮ್ಯೂಸಿಯಂ ಇದೆ.

ಕತ್ತಿಗಳನ್ನು ಬೇಗ ದಾಟಿದೆ. ನನ್ನ ಕಣ್ಣೆಲ್ಲ ಮುದ್ರೆಗಳ ಮೇಲೆ. ಓದು ಬಾರದವನಿಗೂ ಗುರುತು ಸಿಗಲಿ ಅಂತ ಇಲ್ಲಿನವರು ಹಿಂದಿನಿಂದಲೂ ಚಿತ್ರ ಹಾಕುತ್ತಿದ್ದರು. ಹೆಂಕೆಲ್ಸ್ ಮನೆತನದವರು ಅವಳಿಗಳ ಗುರುತನ್ನು 1731ರಲ್ಲೇ ನೋಂದಾಯಿಸಿದ್ದರು. ಬೋಕರ್‌ನವರದು ಮರ. ಕಪ್ಪು ತಗಡಿನ ಹಿಡಿಯ ಮರ್ಕೇಟರ್ ಚಾಕುವಿಗೆ ಜಿಗಿಯುವ ಬೆಕ್ಕು. ನನ್ನ ಚಾಕುವಿನಲ್ಲಿ ಬೆಕ್ಕೂ ಇಲ್ಲ, ಮರವೂ ಇಲ್ಲ.

ಹೆಸರಿಲ್ಲದಿದ್ದರೂ ವಯಸ್ಸಿನ ಅಂದಾಜು ಮಾಡಬಹುದು. ಹೊರಗಿನಿಂದ ಬರುವ ಮಾಲಿನ ಮೇಲೆ ದೇಶದ ಹೆಸರಿರಬೇಕು ಎಂದು ಅಮೆರಿಕ 1890ರಲ್ಲಿ ಕಾನೂನು ಮಾಡಿತು. ಮುಂದಿನ ವರ್ಷದಿಂದ ಅಲ್ಲಿಗೆ ಹೋಗುವ ಚಾಕುಗಳ ಮೇಲೆ 'ಜರ್ಮನಿ' ಬಂತು. 'ಡಾಯ್ಚ್‌ಲಾಂಡ್' ಬಿಟ್ಟು ಇಂಗ್ಲಿಷ್ ಹೆಸರು ಒತ್ತಿದ್ದಾರೆ ಅಂದರೆ ಅದು ಹೊರದೇಶದ ಗಿರಾಕಿಗೆ ಮಾಡಿದ ಮಾಲು ಇರಬಹುದು, ಖಾತ್ರಿಯೇನಲ್ಲ. 'ವೆಸ್ಟ್ ಜರ್ಮನಿ' ಇದ್ದರೆ ಇನ್ನೂ ಸುಲಭ, 1949ರಿಂದ 1990ರ ನಡುವಿನದು. ಆದರೆ 'ವೆಸ್ಟ್' ಇಲ್ಲ ಅಂದ ಮಾತ್ರಕ್ಕೆ ಯುದ್ಧಕ್ಕಿಂತ ಹಿಂದಿನದು ಅಂತಲ್ಲ. ಆ ಕಾಲದಲ್ಲೂ ಬರೀ 'ಜರ್ಮನಿ' ಒತ್ತಿದವರಿದ್ದರು. ಮಾರುವವರು ಇದನ್ನು ಹೇಳುವುದಿಲ್ಲ ನೋಡಿ! ಇನ್ನು ಕೆಲವು ಚಾಕುಗಳ ಮೇಲೆ ಕಾಣುವ 'ಗೆಸ್. ಗೆಶ್.' ಕೂಡ ಯಾರ ಹೆಸರೂ ಅಲ್ಲ, ಕಾನೂನಿನ ರಕ್ಷಣೆ ಇದೆ ಎಂಬುದರ ಚುಟುಕು ರೂಪ. ಅದನ್ನು ಕಂಪನಿ ಎಂದು ನಂಬಿದವರೂ ಇದ್ದಾರಂತೆ. ಸ್ವಲ್ಪ ಸಮಾಧಾನವಾಯಿತು.

ಮಧ್ಯಾಹ್ನ ಬಸ್ಸು ಬದಲಿಸಿ, ಕಾಡಿನ ಇಳಿಜಾರು ನಡೆದು ವುಪ್ಪರ್ ನದಿಯ ದಂಡೆಗೆ ಬಂದೆವು. ಅಲ್ಲಿ ವಿಪ್ಪರ್‌ಕೊಟ್ಟನ್ ಎಂಬ ಹಳೇ ಸಾಣೆಮನೆ ಇದೆ. ಕಾಲುವೆಯ ನೀರು ಚಕ್ರ ತಿರುಗಿಸುತ್ತದೆ, ಚಕ್ರ ಒಳಗಿನ ಸಾಣೆಕಲ್ಲು ತಿರುಗಿಸುತ್ತದೆ. ಒಳಗೆ ಒದ್ದೆ ಕಲ್ಲಿನ ವಾಸನೆ. ಕಲ್ಲಿನ ಧೂಳು ಕುಡಿದು ಎದೆ ಹಾಳು ಮಾಡಿಕೊಳ್ಳುವುದು ಹಿಂದೆ ಈ ಕಸುಬಿನವರ ಹಣೆಬರಹವೇ ಆಗಿತ್ತು.

ಸಾಣೆ ಹಿಡಿಯುತ್ತಿದ್ದ ಅಜ್ಜನಿಗೆ ಚಾಕು ಕೊಟ್ಟೆ. ಭಾವ ದುಭಾಷಿ. ಅಜ್ಜ ಮುದ್ರೆಯ ಕಡೆ ತಿರುಗಿಯೂ ನೋಡಲಿಲ್ಲ. ಅಲಗು ತೆರೆದು, ಮುಚ್ಚಿ, ಆ ಟಕ್ ಸದ್ದು ಕೇಳಿದರು. ಸ್ಪ್ರಿಂಗು ಚೆನ್ನಾಗಿದೆ ಎಂದರು.

"ಯಾರು ಮಾಡಿದ್ದು ಅಂತ ಕೇಳಿ ಭಾವ."

ಅಜ್ಜ ತಿರುಗಿ ಕೇಳಿದರು: "ಯಾವ ಭಾಗ?"

ಇಲ್ಲಿ ಒಂದು ಚಾಕುವಿಗೆ ಒಬ್ಬ ಒಡೆಯ ಎಂಬುದೇ ಕಡಿಮೆಯಂತೆ. ಒಬ್ಬ ಬಡಿಯುತ್ತಿದ್ದ, ಇನ್ನೊಬ್ಬ ಹದ ಕೊಡುತ್ತಿದ್ದ, ನದಿ ದಂಡೆಯವನು ಸಾಣೆ ಹಿಡಿಯುತ್ತಿದ್ದ, ಮತ್ತೊಬ್ಬ ಮನೆಯಲ್ಲೇ ಕೂತು ಹಿಡಿ ಜೋಡಿಸುತ್ತಿದ್ದ. ಒಬ್ಬರಿಂದ ಇನ್ನೊಬ್ಬರಿಗೆ ಅಲಗುಗಳನ್ನು ಮುಟ್ಟಿಸುತ್ತಿದ್ದವರು ಹೆಂಗಸರು. ತಲೆ ಮೇಲೆ ಸಿಂಬೆ, ಅದರ ಮೇಲೆ ಬುಟ್ಟಿ, ಬುಟ್ಟಿ ತುಂಬ ಕಬ್ಬಿಣ. ಈ ಗುಡ್ಡ ಹತ್ತಿ ಇಳಿಯುತ್ತಿದ್ದರು. ಕೊನೆಗೆ ಬೀಳುತ್ತಿದ್ದ ಹೆಸರು ಮಾತ್ರ ಮಾರುವವನದು. ಅದು ಎಷ್ಟೋ ಸಲ ಸಮುದ್ರದಾಚೆಯ ಅಂಗಡಿಯದ್ದೂ ಆಗಿರುತ್ತಿತ್ತು. ಆದರೆ ಊರಿನ ಹೆಸರನ್ನು ಮಾತ್ರ ಕಂಡಕಂಡವರು ಒತ್ತುವಂತಿಲ್ಲ. 1938ರಿಂದ ಅದಕ್ಕೂ ಕಾನೂನಿದೆ. ಮುಖ್ಯ ಕೆಲಸವೆಲ್ಲ ಸೋಲಿಂಗೆನ್ ಸೀಮೆಯಲ್ಲೇ ಆಗಿರಬೇಕು.

ಅಜ್ಜ ತಮ್ಮ ಜೇಬಿನಿಂದ ಬೇಟೆ ಚಾಕು ತೆಗೆದು ನನ್ನ ಕೈಗಿಟ್ಟರು. ಗಂಟುಗಂಟಾದ ಕಂದು ಹಿಡಿ. "ಇದು ನಿಮ್ಮ ದೇಶದ್ದು" ಎಂದು ಹಿಡಿ ತಟ್ಟಿದರು. ಕಡವೆ ಕೊಂಬು! ನಾಗರಹೊಳೆಯಲ್ಲಿ ಜೀಪಿನಿಂದ ನೋಡಿದ ಅದೇ ಕಡವೆ. ಅದರ ಕೊಂಬು ಇಲ್ಲಿನ ಜಿಂಕೆಯದಕ್ಕಿಂತ ಗಟ್ಟಿ, ಒಳಗೆ ಟೊಳ್ಳು ಕಮ್ಮಿ. ಅದಕ್ಕೇ ನಮ್ಮ ಕಾಡುಗಳಲ್ಲಿ ಉದುರಿದ ಕೊಂಬುಗಳು ಹಡಗು ಹತ್ತಿ ಇಲ್ಲಿಗೆ ಬರುತ್ತಿದ್ದವು. ಈಗ ರಫ್ತು ಬಂದ್. ಕೊಡ್ತೀರಾ ಎಂದು ಕೇಳುವ ಆಸೆಯಾಯಿತು. ಊರಲ್ಲಿ ವನ್ಯಜೀವಿ ಕಾಯ್ದೆಯ ಮುಂದೆ ಏನು ಹೇಳುವುದು? ಸುಮ್ನೆ ವಾಪಸ್ ಕೊಟ್ಟೆ.

ನನ್ನ ಚಾಕುವನ್ನು ಅವರು ಕಲ್ಲಿಗೆ ಹಿಡಿದು ಹರಿತ ಮಾಡಿಕೊಟ್ಟರು. ದುಡ್ಡು ತಗೊಳ್ಳಲಿಲ್ಲ. ರಾತ್ರಿ ಅದರಲ್ಲೇ ಸೇಬು ಹೆಚ್ಚಿದೆ, ಎಳೆ ಎಳೆಯಾಗಿ ಬಂತು.

ಬೆಂಗಳೂರಿಗೆ ಬಂದು ಸೂಟ್‌ಕೇಸ್ ಬಿಚ್ಚಿದರೆ ಚಾಕುವಿನ ಜೊತೆ ಕಾಗದದಲ್ಲಿ ಸುತ್ತಿದ ಇನ್ನೊಂದು ವಸ್ತು. ಅಕ್ಕನ ಆ ಚಮಚ. ಕಾಗದದ ಮೇಲೆ ಅವಳ ಅಕ್ಷರ: 'ಒಂದೇ ಕಂಪನಿದು, ಸೆಟ್ ಆಗಲಿ ಅಂತ.'