ಬ್ಲೇಡಿನ ಲೆಕ್ಕ: ಹಳೆಯ ಮನೆಗಳ ನವೀಕರಣದಲ್ಲಿ ರೆಸಿಪ್ರೊಕೇಟಿಂಗ್ ಸಾ

ಬೆಂಗಳೂರಿನ ಹಳೆಯ ಮನೆ, ಅಪಾರ್ಟ್‌ಮೆಂಟ್‌ಗಳಲ್ಲಿ ತುಕ್ಕು ಹಿಡಿದ ಜಿಐ (ಸತು ಲೇಪಿತ ಕಬ್ಬಿಣದ) ಪೈಪುಗಳನ್ನು ತೆಗೆದು ಹೊಸ ಲೈನ್ ಹಾಕುವುದು ಮತ್ತು ಗೆದ್ದಲು ತಿಂದ ಬಾಗಿಲ ಚೌಕಟ್ಟುಗಳನ್ನು ಬಿಡಿಸುವುದು ನಮ್ಮ ತಂಡದ ಮುಖ್ಯ ಕೆಲಸ. ಈ ಕಸುಬಿನ ಪ್ಲಂಬರ್‌ಗಳು, ಬಡಗಿಗಳು, ಫ್ಯಾಬ್ರಿಕೇಟರ್‌ಗಳು ಒಂದೆಡೆ ಸೇರಿದಾಗ ಬ್ಲೇಡು ಹಿಂದೆ ಮುಂದೆ ಓಡುವ ವಿದ್ಯುತ್ ಗರಗಸ, ಅಂದರೆ ರೆಸಿಪ್ರೊಕೇಟಿಂಗ್ ಸಾ, ಯಾವ ಕಂಪನಿಯದು ಒಳ್ಳೆಯದು ಎಂಬ ಚರ್ಚೆ ಬಂದೇ ಬರುತ್ತದೆ. ಹಲವು ವರ್ಷ ಈ ಯಂತ್ರ ಹಿಡಿದು ದುಡಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಒಂದೇ ದರ್ಜೆಯ ಯಂತ್ರಗಳ ನಡುವಿನ ವ್ಯತ್ಯಾಸ ಕತ್ತರಿಸುವಾಗ ಅಷ್ಟಾಗಿ ಗೊತ್ತಾಗುವುದಿಲ್ಲ, ಆದರೆ ವಸ್ತುವಿನ ದಪ್ಪಕ್ಕೆ ಹೊಂದದ ಬ್ಲೇಡು ಹಾಕಿದರೆ ಅದು ಮೊದಲ ಪೈಪಿನಲ್ಲೇ ಗೊತ್ತಾಗುತ್ತದೆ.

ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಹೆಚ್ಚಾಗಿ ಹೋಲಿಕೆಗೆ ಬರುವ ಮೂರು ಯಂತ್ರಗಳನ್ನೇ ನೋಡೋಣ. ಬಾಷ್ ಜಿಎಸ್‌ಎ 1100 ಇ ಯಂತ್ರದ್ದು 1100 ವ್ಯಾಟ್ ಮೋಟರ್, 28 ಮಿ.ಮೀ. ಸ್ಟ್ರೋಕ್ (ಬ್ಲೇಡು ಒಂದು ಸಲ ಓಡುವ ದೂರ), ನಿಮಿಷಕ್ಕೆ ಗರಿಷ್ಠ 2700 ಸ್ಟ್ರೋಕ್. ಡಿವಾಲ್ಟ್ ಡಿಡಬ್ಲ್ಯುಇ 305 ಯಂತ್ರದ್ದು 1100 ವ್ಯಾಟ್, 29 ಮಿ.ಮೀ., 2800, ಮಕಿಟಾ ಜೆಆರ್ 3050 ಟಿ ಯಂತ್ರದ್ದು 1010 ವ್ಯಾಟ್, 28 ಮಿ.ಮೀ., 2800. ಈ ಅಂಕಿಗಳ ಅಂತರ ಒಂದು ಹೊಸ ಬ್ಲೇಡಿಗೂ ಮೊಂಡಾದ ಬ್ಲೇಡಿಗೂ ಇರುವ ಅಂತರದ ಮುಂದೆ ಏನೇನೂ ಅಲ್ಲ. ಮೂರೂ ಯಂತ್ರಗಳು ಅರ್ಧ ಇಂಚಿನ ಸಾಮಾನ್ಯ ಶ್ಯಾಂಕ್‌ನ (ಯಂತ್ರಕ್ಕೆ ಸಿಕ್ಕಿಸುವ ತುದಿಯ) ಬ್ಲೇಡನ್ನೇ ಹಿಡಿಯುವುದರಿಂದ, ಒಂದು ಕಂಪನಿಯ ಯಂತ್ರ ಕೊಂಡವರು ಅದೇ ಕಂಪನಿಯ ಬ್ಲೇಡನ್ನೇ ಕೊಳ್ಳಬೇಕೆಂಬ ನಿರ್ಬಂಧವೂ ಇಲ್ಲ.

ಬ್ಲೇಡಿನ ಮೇಲೆ ಟಿಪಿಐ ಎಂದು ನಮೂದಾಗಿರುವುದು ಒಂದು ಇಂಚಿನಲ್ಲಿ ಎಷ್ಟು ಹಲ್ಲುಗಳಿವೆ ಎಂಬ ಲೆಕ್ಕ. ಕತ್ತರಿಸುವ ಲೋಹದ ದಪ್ಪದೊಳಗೆ ಯಾವಾಗಲೂ ಕನಿಷ್ಠ ಮೂರು ಹಲ್ಲು ಇರಬೇಕೆಂಬುದು ಈ ಕೆಲಸದ ಹಳೆಯ ನಿಯಮ. ಮಧ್ಯಮ ದರ್ಜೆಯ, ಅಂದರೆ ನೀಲಿ ಪಟ್ಟಿಯ, ಒಂದು ಇಂಚಿನ ಜಿಐ ಪೈಪಿನ ಗೋಡೆ 3.2 ಮಿ.ಮೀ. ದಪ್ಪವಿರುತ್ತದೆ. 10 ಟಿಪಿಐ ಬ್ಲೇಡಿನಲ್ಲಿ ಹಲ್ಲಿನಿಂದ ಹಲ್ಲಿಗೆ ಸುಮಾರು 2.5 ಮಿ.ಮೀ. ಅಂತರವಿರುವುದರಿಂದ ಆ ಗೋಡೆಯೊಳಗೆ ಒಂದೇ ಹಲ್ಲು ನಿಲ್ಲುತ್ತದೆ. 18 ಟಿಪಿಐನಲ್ಲಿ ಅಂತರ 1.4 ಮಿ.ಮೀ., ಎರಡು ಹಲ್ಲಿಗಿಂತ ತುಸು ಹೆಚ್ಚು. 24 ಟಿಪಿಐನಲ್ಲಿ ಮೂರು. ನಿಯಮದ ಪ್ರಕಾರ 24 ಸರಿಯಾದರೂ ಅದರ ಸಣ್ಣ ಹಲ್ಲುಗಳ ಸಂದಿಯಲ್ಲಿ ಪುಡಿ ಕಟ್ಟಿಕೊಂಡು ಕೆಲಸ ನಿಧಾನವಾಗುವುದರಿಂದ, ನಾವು ಈ ಪೈಪಿಗೆ 18ನ್ನೇ ಬಳಸುತ್ತೇವೆ.

ಹಲ್ಲು ಮುರಿಯುವುದು ಎಲ್ಲಿ ಎಂಬುದನ್ನು ಹತ್ತಿರದಿಂದ ಗಮನಿಸಿದರೆ ಈ ಲೆಕ್ಕ ಇನ್ನೂ ಸ್ಪಷ್ಟವಾಗುತ್ತದೆ. ಪೈಪಿನ ನೆತ್ತಿಯ ಮೇಲೆ ಬ್ಲೇಡು ಇಳಿಯುವಾಗ ಅದು ಗೋಡೆಯನ್ನು ಓರೆಯಾಗಿ ಸವರುತ್ತಾ ಹೋಗುವುದರಿಂದ ಏಕಕಾಲಕ್ಕೆ ಅನೇಕ ಹಲ್ಲುಗಳು ಲೋಹದಲ್ಲಿರುತ್ತವೆ, ಶಬ್ದವೂ ಒಂದೇ ಸಮನಾಗಿರುತ್ತದೆ. ಬ್ಲೇಡು ಪೈಪಿನ ನಡುವಿಗೆ ಬಂದಾಗ ಮಾತ್ರ ಎರಡೂ ಬದಿಯ ಗೋಡೆಗಳು ಅದಕ್ಕೆ ನೇರ ಅಡ್ಡವಾಗಿ ನಿಲ್ಲುತ್ತವೆ; ಅಲ್ಲಿ ಹಲ್ಲಿಗೆ ಸಿಗುವುದು ಬರೀ 3.2 ಮಿ.ಮೀ. ದೊಡ್ಡ ಹಲ್ಲಿನ ಬ್ಲೇಡಾದರೆ ಗೋಡೆಯ ಅಂಚು ಎರಡು ಹಲ್ಲುಗಳ ಸಂದಿಗೆ ಸಿಕ್ಕಿ, ಯಂತ್ರ ಕೈಯಲ್ಲೇ ಒದ್ದಂತಾಗಿ, ಸಾಲಾಗಿ ಹಲ್ಲುಗಳು ಉದುರುತ್ತವೆ. ಆದ್ದರಿಂದ ಹೊಸ ಹುಡುಗರಿಗೆ ನಾನು ಮೊದಲು ಹೇಳುವುದು, ಅರ್ಧ ಪೈಪು ಇಳಿದ ಮೇಲೆ ಒತ್ತಡ ಕಡಿಮೆ ಮಾಡಬೇಕು ಎಂದು. ಪೈಪಿನ ಭಾರಕ್ಕೆ ಸೀಳು ಮುಚ್ಚಿಕೊಂಡು ಬ್ಲೇಡನ್ನು ಕಚ್ಚದಂತೆ ಕೆಳಗೊಂದು ಆಸರೆ ಕೊಡುವುದೂ ಅಷ್ಟೇ ಮುಖ್ಯ.

ಬ್ಲೇಡು ಯಾವುದರಿಂದ ಮಾಡಿದ್ದು ಎಂಬುದು ಇದರ ನಂತರದ ಪ್ರಶ್ನೆ. ಕಾರ್ಬನ್ ಸ್ಟೀಲಿನ ಅಗ್ಗದ ಬ್ಲೇಡು ಶುದ್ಧ ಮರಕ್ಕೆ ಸಾಕು, ಆದರೆ ಹಳೆಯ ಮನೆಯಲ್ಲಿ ಮೊಳೆಯಿಲ್ಲದ ಮರ ಸಿಗುವುದೇ ಅಪರೂಪ. ಬೈಮೆಟಲ್ ಬ್ಲೇಡಿನಲ್ಲಿ ಬಾಗುವ ಸ್ಪ್ರಿಂಗ್ ಸ್ಟೀಲಿನ ಬೆನ್ನಿಗೆ ಹೈಸ್ಪೀಡ್ ಸ್ಟೀಲಿನ ಹಲ್ಲಿನ ಪಟ್ಟಿಯನ್ನು ಬೆಸೆದಿರುತ್ತಾರೆ. ಬಾಗಿದರೂ ಮುರಿಯದ, ಮೊಳೆ ಸಿಕ್ಕರೂ ತಡೆಯುವ ಗುಣ ಬರುವುದು ಈ ಜೋಡಣೆಯಿಂದಲೇ. ಹಳೆಯ ಕಟ್ಟಡಗಳ ಶಾಫ್ಟ್‌ನಲ್ಲಿ, ಅಂದರೆ ಪೈಪುಗಳು ಇಳಿಯುವ ಕಿರಿದಾದ ಸಂದಿಯಲ್ಲಿ, ಇರುವ ಎರಕದ ಕಬ್ಬಿಣದ ಒಳಚರಂಡಿ ಪೈಪಿಗೆ ಮಾತ್ರ ಬೈಮೆಟಲ್ ಸಾಲದು. ಆ ಕಬ್ಬಿಣದ ಪುಡಿ ಹಲ್ಲಿನ ಮೊನೆಯನ್ನು ಬಹುಬೇಗ ಸವೆಸುತ್ತದೆ. ಅಲ್ಲಿ ಕಾರ್ಬೈಡ್ ಹಲ್ಲಿನ ಬ್ಲೇಡಿಗೆ ಹಲವು ಪಟ್ಟು ಬೆಲೆ ಕೊಟ್ಟರೂ ಲೆಕ್ಕ ಲಾಭದಲ್ಲೇ ಇರುತ್ತದೆ.

ಬಾಗಿಲ ಚೌಕಟ್ಟಿನ ಕೆಲಸದಲ್ಲಿ ಈ ಯಂತ್ರಕ್ಕೆ ಸಾಟಿಯಿಲ್ಲ. ಚೌಕಟ್ಟನ್ನು ಗೋಡೆಗೆ ಹಿಡಿದಿಟ್ಟಿರುವುದು ಕಬ್ಬಿಣದ ಹೋಲ್ಡ್‌ಫಾಸ್ಟ್‌ಗಳು, ಸಾಮಾನ್ಯವಾಗಿ ಪ್ರತಿ ಬದಿಗೆ ಮೂರು. ಸುತ್ತಿಗೆ, ಉಳಿಯಿಂದ ಒಡೆದು ತೆಗೆದರೆ ಸುತ್ತಲಿನ ಗಾರೆಯೂ, ಕೆಲವೊಮ್ಮೆ ಇಟ್ಟಿಗೆಯೂ ಕಿತ್ತು ಬರುತ್ತದೆ, ಅದನ್ನು ಮತ್ತೆ ಕಟ್ಟುವ ಖರ್ಚು ಮನೆಯವರ ಮೇಲೆ ಬೀಳುತ್ತದೆ. ಒಂಬತ್ತು ಇಂಚಿನ, 0.9 ಮಿ.ಮೀ. ದಪ್ಪದ, ಬಾಗುವ ಬೈಮೆಟಲ್ ಬ್ಲೇಡನ್ನು ಮರಕ್ಕೂ ಗೋಡೆಗೂ ನಡುವಿನ ಸಂದಿಗೆ ಇಳಿಸಿ ಹೋಲ್ಡ್‌ಫಾಸ್ಟ್‌ಗಳನ್ನು ಕತ್ತರಿಸಿದರೆ ಚೌಕಟ್ಟು ಇಡಿಯಾಗಿ ಹೊರಗೆ ಬರುತ್ತದೆ. ಇಲ್ಲಿ ಬ್ಲೇಡಿನ ಶತ್ರು ಕಬ್ಬಿಣಕ್ಕಿಂತ ಮರಳು. ಸಂದಿಯಲ್ಲಿರುವ ಗಾರೆಯನ್ನು ಮೊದಲು ಸಣ್ಣ ಉಳಿಯಿಂದ ಕೆರೆದು ಹೋಲ್ಡ್‌ಫಾಸ್ಟ್ ಕಾಣುವಂತೆ ಮಾಡಿಕೊಂಡರೆ ಅದೇ ಬ್ಲೇಡು ಇನ್ನಷ್ಟು ಚೌಕಟ್ಟುಗಳಿಗೆ ಬರುತ್ತದೆ.

ಬ್ಲೇಡುಗಳು ಹೆಚ್ಚಾಗಿ ಹಾಳಾಗುವುದು ಬಿಸಿಗೆ. ಟ್ರಿಗರ್ ಪೂರ್ತಿ ಒತ್ತಿ ಲೋಹ ಕತ್ತರಿಸಿದರೆ ಹಲ್ಲಿನ ಮೊನೆ ನೀಲಿಗಟ್ಟುತ್ತದೆ. ನೀಲಿಗಟ್ಟಿದ ಹಲ್ಲು ತನ್ನ ಗಡಸುತನ ಕಳೆದುಕೊಂಡಂತೆಯೇ. ಮರಕ್ಕೆ ಪೂರ್ಣ ವೇಗ ಸರಿ, ಜಿಐ ಪೈಪಿಗೆ ಅರ್ಧ ವೇಗ ಸಾಕು, ಸ್ಟೇನ್‌ಲೆಸ್ ಸ್ಟೀಲಿಗೆ ಅದಕ್ಕಿಂತಲೂ ನಿಧಾನವಾಗಿ, ಒಂದೆರಡು ಹನಿ ಕಟಿಂಗ್ ಆಯಿಲ್ ಹಾಕಿ ಕತ್ತರಿಸಬೇಕು. ಯಂತ್ರದ ಮುಂದಿನ ಶೂ (ಬ್ಲೇಡಿನ ಬುಡದಲ್ಲಿರುವ ಲೋಹದ ಆಸರೆ) ಯಾವಾಗಲೂ ಪೈಪಿಗೆ ತಾಗಿ ಒತ್ತಿರಬೇಕು, ಇಲ್ಲವಾದರೆ ಬ್ಲೇಡಿನ ಬದಲು ಪೈಪೇ ಅಲುಗಾಡುತ್ತದೆ, ಗೋಡೆಯೊಳಗಿನ ಹಳೆಯ ಜಾಯಿಂಟ್‌ಗಳು ಸಡಿಲವಾಗುತ್ತವೆ. ಶೂ ಒಂದೇ ಜಾಗದಲ್ಲಿದ್ದರೆ ಶೂ ಪಕ್ಕದ ಒಂದೂವರೆ ಇಂಚು ಹಲ್ಲು ಮಾತ್ರ ಸವೆದು ಉಳಿದದ್ದು ಹೊಸದಾಗಿಯೇ ಕಸಕ್ಕೆ ಹೋಗುತ್ತದೆ. ಶೂವನ್ನು ಮುಂದಕ್ಕೆ ಸರಿಸಿಕೊಳ್ಳುವ ಸೌಲಭ್ಯ ಯಂತ್ರದಲ್ಲಿದೆಯೇ ಎಂದು ಕೊಳ್ಳುವ ಮುನ್ನ ಕೇಳುವವರು ಕಡಿಮೆ, ಆದರೆ ನನ್ನ ದೃಷ್ಟಿಯಲ್ಲಿ ವ್ಯಾಟ್‌ಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಅದು.

ನಾಲ್ಕು ಇಂಚಿನ ಗ್ರೈಂಡರ್ ಇರುವಾಗ ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. ತೆರೆದ ಜಾಗದಲ್ಲಿ ಗ್ರೈಂಡರ್ ಬೇಗ ಕತ್ತರಿಸುತ್ತದೆ, ನಿಜ. ಆದರೆ ನಿಮಿಷಕ್ಕೆ 11,000 ಸುತ್ತು ತಿರುಗುವ ಡಿಸ್ಕನ್ನು ಇಕ್ಕಟ್ಟಾದ ಶಾಫ್ಟ್‌ನೊಳಗೆ, ಗಾರ್ಡ್ ಬಿಚ್ಚಿ, ಏಣಿಯ ಮೇಲೆ ನಿಂತು ಹಿಡಿಯುವುದನ್ನು ನಾನು ನಮ್ಮ ತಂಡದಲ್ಲಿ ಒಪ್ಪುವುದಿಲ್ಲ. ಸಾ ಕಿಡಿಯನ್ನು ದೂರಕ್ಕೆ ಚಿಮ್ಮುವುದಿಲ್ಲ, ಪಕ್ಕದಲ್ಲಿ ಪಿವಿಸಿ ಪೈಪೋ ವೈರಿಂಗೋ ಇದ್ದಲ್ಲಿ ಇದು ದೊಡ್ಡ ಅನುಕೂಲ. ಹಾಗೆಂದು ಗೋಡೆಯೊಳಗೆ ಬ್ಲೇಡು ಇಳಿಸುವ ಮುನ್ನ ಆ ಭಾಗದ ಎಂಸಿಬಿ ಇಳಿಸುವುದನ್ನು ಬಿಡುವಂತಿಲ್ಲ. ಪೈಪು ಆಸ್ಬೆಸ್ಟಾಸ್ ಸಿಮೆಂಟಿನದೆಂದು ಅನುಮಾನ ಬಂದರೆ ಎರಡೂ ಯಂತ್ರಗಳನ್ನು ಕೆಳಗಿಟ್ಟು, ಆ ಪೈಪನ್ನು ನೆನೆಸಿ, ಕತ್ತರಿಸದೆ ಜಾಯಿಂಟ್‌ನಲ್ಲೇ ಬಿಡಿಸಬೇಕು.

ಯಂತ್ರಗಳ ಹೋಲಿಕೆ ನಿಜವಾಗಿ ಅರ್ಥಪೂರ್ಣವಾಗುವುದು ಕಂಪನದ ವಿಷಯದಲ್ಲಿ. ಯುರೋಪಿಯನ್ ಒಕ್ಕೂಟದ 2002ರ ನಿರ್ದೇಶನವು ಎಂಟು ಗಂಟೆಯ ಕೆಲಸಕ್ಕೆ ಕೈಗೆ ತಾಗುವ ಕಂಪನದ ಮಿತಿಯನ್ನು ಸೆಕೆಂಡಿನ ವರ್ಗಕ್ಕೆ 5 ಮೀಟರ್ ಎಂದೂ, ಮುನ್ನೆಚ್ಚರಿಕೆ ಆರಂಭಿಸಬೇಕಾದ ಮಟ್ಟವನ್ನು 2.5 ಎಂದೂ ನಿಗದಿ ಮಾಡಿದೆ. ಈ ಲೆಕ್ಕದಲ್ಲಿ ಕಂಪನ 20 ಇರುವ ಯಂತ್ರವನ್ನು ಅರ್ಧ ಗಂಟೆ ಓಡಿಸಿದರೆ ದಿನದ ಮಿತಿ ಮುಗಿಯುತ್ತದೆ, 10 ಇದ್ದರೆ ಎರಡು ಗಂಟೆ ಸಿಗುತ್ತದೆ. ತಿಂಗಳಿಗೊಮ್ಮೆ ಸಾ ಹಿಡಿಯುವವರಿಗೆ ಮೇಲೆ ಹೇಳಿದ ಮೂರರಲ್ಲಿ ಯಾವುದಾದರೂ ಸಾಕು, ಉಳಿದ ಹಣದಲ್ಲಿ ಒಳ್ಳೆಯ ಬ್ಲೇಡು ಕೊಳ್ಳಲಿ. ಪ್ರತಿದಿನ ಒಡೆಯುವ ಕೆಲಸವೇ ಇರುವವರು 32 ಮಿ.ಮೀ. ಸ್ಟ್ರೋಕಿನ, ಕಂಪನ ತಗ್ಗಿಸುವ ಪ್ರತಿಭಾರವುಳ್ಳ ಮಕಿಟಾ ಜೆಆರ್ 3070 ಸಿಟಿ ತರಹದ 1510 ವ್ಯಾಟ್ ಯಂತ್ರಕ್ಕೆ ಹೆಚ್ಚು ಹಣ ಕೊಡುವುದು ಸರಿ. ಅದರ ತೂಕ ಹೆಚ್ಚಾದ್ದರಿಂದ ತಲೆಯ ಮೇಲಿನ ಕೆಲಸಕ್ಕೆ ಚಿಕ್ಕ ಯಂತ್ರವನ್ನೂ ಜೊತೆಗಿಟ್ಟುಕೊಂಡು, ಕೈ ಮರಗಟ್ಟುವ ಮೊದಲೇ ಇನ್ನೊಬ್ಬರಿಗೆ ದಾಟಿಸುವ ಪಾಳಿಯನ್ನು ಬೆಳಿಗ್ಗೆಯೇ ಗೊತ್ತು ಮಾಡಿಕೊಳ್ಳಬೇಕು.