ಗಯಾ ಶ್ರಾದ್ಧಕ್ಕೆ ಹೊರಡುವ ಮುನ್ನ

ಅಮ್ಮನ ವರ್ಷಾಬ್ದಿಕ ಮುಗಿದ ಮೇಲೆ ಪ್ರಯಾಗ, ಕಾಶಿ ಮುಗಿಸಿಕೊಂಡು ಗಯಾದಲ್ಲಿ ಇಳಿದ ನಮ್ಮನ್ನು ಆಟೋದವನೊಬ್ಬ, ಕರ್ನಾಟಕದವರಿಗೆ ಶ್ರಾದ್ಧ ಮಾಡಿಸುವ ಪಂಡಾ, ಎಂದರೆ ಕ್ಷೇತ್ರದ ಪುರೋಹಿತ, ತನಗೆ ಗೊತ್ತೆಂದು ಹೇಳಿ ಒಂದು ಮನೆಗೆ ಕರೆದೊಯ್ದ. ಎಲ್ಲ ಸೇರಿ ಐದು ಸಾವಿರವೆಂದು ಮಾತಾಗಿತ್ತು. ಆದರೆ ಕೊನೆಗೆ ಅಕ್ಷಯವಟವೆಂಬ ಆಲದ ಮರದ ಬುಡದಲ್ಲಿ, 'ಸುಫಲ' ಹೇಳುವ ಮುನ್ನ, ಮತ್ತೆ ಹನ್ನೊಂದು ಸಾವಿರ ಕೇಳಿದರು. ಪಿತೃಗಳು ತೃಪ್ತರಾದರೆಂಬ ಆ ಒಂದು ಮಾತಿಗಾಗಿ ಕೈಮುಗಿದು ಕುಳಿತವನು ಚೌಕಾಸಿ ಮಾಡಲಾರ. ಗಯಾವಾಳ ಪಂಡಾಗಳಲ್ಲಿ ಪ್ರಾಂತ್ಯಕ್ಕೊಂದು ಮನೆತನವಿದ್ದು, ಹಿಂದೆ ಬಂದುಹೋದ ಯಜಮಾನರ ಹೆಸರುಗಳು ಅವರ ವಹಿಗಳಲ್ಲಿರುತ್ತವೆ. ಆದ್ದರಿಂದ ನಿಮ್ಮ ಮನೆಯ ಪುರೋಹಿತರಿಂದಲೋ ಮಠದಿಂದಲೋ ವಿಚಾರಿಸಿ, ಸುಫಲದ ದಕ್ಷಿಣೆಯನ್ನೂ ಸೇರಿಸಿ ಊರಿನಿಂದಲೇ ಮಾತಾಡಿಕೊಂಡು ಹೊರಡಿ.

ಹಣಕ್ಕಿಂತ ನನಗೆ ನೋವಾದದ್ದು ಆ ಪಂಡಾ ಮಾಡಿದ ಅವಸರ. ಹನ್ನೆರಡನೆಯ ದಿನದ ಸಪಿಂಡೀಕರಣದಿಂದಲೇ ಜೀವವು ಪ್ರೇತತ್ವ ಕಳೆದು ಪಿತೃಗಳ ಸಾಲಿಗೆ ಸೇರುತ್ತದೆ, ಗಯೆಯಲ್ಲಿ ಕೊಟ್ಟದ್ದು ಅಕ್ಷಯ ತೃಪ್ತಿಯಾಗುತ್ತದೆ ಎಂಬುದು ನಮ್ಮ ನಂಬಿಕೆ. ಇಲ್ಲಿ ತಾಯಿಗೆಂದೇ ಹದಿನಾರು ಪಿಂಡಗಳಿವೆ. ಅದಕ್ಕೆ ಮಾತೃಷೋಡಶಿ ಎನ್ನುತ್ತಾರೆ. ಗರ್ಭ ಹೊತ್ತ ಕಷ್ಟಕ್ಕೊಂದು, ಹೆರಿಗೆಯ ನೋವಿಗೊಂದು, ಕುಡಿದ ಕಹಿ ಕಷಾಯಗಳಿಗೊಂದು, ರಾತ್ರಿ ಮಗು ಒದ್ದೆ ಮಾಡಿದ ಸೀರೆಗೊಂದು. ಒಂದೊಂದು ಶ್ಲೋಕದ ಅರ್ಥ ತಿಳಿದು, ಎಳ್ಳು ಬೆರೆತ ಉಂಡೆಯನ್ನು ಅಂಗೈಯಿಂದ ಜಾರಿಸುವಾಗ ಕಣ್ಣು ಒದ್ದೆಯಾಗದೆ ಇರದು. ನಮ್ಮ ಪಂಡಾ ಆ ಹದಿನಾರನ್ನೂ ಹತ್ತು ನಿಮಿಷದಲ್ಲಿ ಮುಗಿಸಿದರು. ನಿಧಾನವಾಗಿ ಅರ್ಥ ಹೇಳಿ ಮಾಡಿಸಬೇಕೆಂದು ಮೊದಲೇ ಕೇಳಿಕೊಳ್ಳಿ. ಜನಜಂಗುಳಿಯಲ್ಲಿ ಇದು ಸಾಧ್ಯವಿಲ್ಲವಾದ್ದರಿಂದ ಪಿತೃಪಕ್ಷದಲ್ಲಿ ಹೋಗಬೇಡಿ ಎಂದೇ ನನ್ನ ಸಲಹೆ.

ಸೀತೆಯ ಶಾಪದಿಂದ ಗುಪ್ತಗಾಮಿನಿಯಾದಳೆನ್ನುವ ಫಲ್ಗು ನದಿಯಲ್ಲಿ ಮರಳು ತೋಡಿ ನೀರು ತೆಗೆಯಬೇಕೆಂದು ಹಿರಿಯರು ಹೇಳಿದ್ದರು. 2022ರಲ್ಲಿ ರಬ್ಬರ್ ಅಣೆಕಟ್ಟು ಆದ ಮೇಲೆ ವಿಷ್ಣುಪಾದ ದೇವಸ್ಥಾನದ ಘಾಟಿನಲ್ಲೇ ನೀರು ನಿಲ್ಲುತ್ತದೆ; ತರ್ಪಣಕ್ಕೆ ತೊಂದರೆಯಿಲ್ಲ. ಮಂಡಿನೋವಿನವರು ಪ್ರೇತಶಿಲೆ ಬೆಟ್ಟದ ಮೆಟ್ಟಿಲು ಹತ್ತುವ ಸಾಹಸ ಮಾಡಬೇಡಿ.

ಎಲ್ಲ ಮುಗಿದಾಗ ಮಧ್ಯಾಹ್ನ ಮೂರು ಗಂಟೆ. ದೇವಸ್ಥಾನದ ಹಿಂದಿನ ಓಣಿಯಲ್ಲಿ ವೃದ್ಧ ದಂಪತಿ ನಡೆಸುವ ನಾಲ್ಕು ಮಣೆಗಳ ಊಟದ ಮನೆಯೊಂದಿದೆ. ನಾವು ಕೇಳುವ ಮೊದಲೇ ಆ ತಾಯಿ ನಮ್ಮ ಒದ್ದೆ ಪಂಚೆಯನ್ನು ನೋಡಿ, ಈರುಳ್ಳಿ ಬೆಳ್ಳುಳ್ಳಿ ಹಾಕದ ಬೇಳೆಯನ್ನು ಬೇರೆ ಒಲೆಯಿಂದ ತಂದರು. ಬಿಸಿ ಅನ್ನ, ತುಪ್ಪ, ಆಲೂಗಡ್ಡೆ ಪಲ್ಯ, ತಲೆಗೆ ಅರವತ್ತು ರೂಪಾಯಿ. ಎರಡನೆಯ ಸಲ ಬಡಿಸಿದ್ದಕ್ಕೆ ಹಣ ಮುಟ್ಟಲಿಲ್ಲ. ಹುಡುಕಿಕೊಂಡಾದರೂ ಅಲ್ಲಿಗೇ ಹೋಗಿ.

ಇನ್ನೊಂದು ಮಾತು: ತಂದೆಯ ಕಡೆ, ತಾಯಿಯ ಕಡೆ, ಸ್ನೇಹಿತರು, ನೆರೆಯವರು ಎಲ್ಲರ ಹೆಸರು, ಗೋತ್ರಗಳನ್ನು ಬರೆದುಕೊಂಡೇ ಹೋಗಿ. ಪಟ್ಟಿಯಿಲ್ಲದೆ ಕುಳಿತ ನನಗೆ, ಎತ್ತಿ ಆಡಿಸಿದ ದೊಡ್ಡಮ್ಮನ ಹೆಸರು ಆ ಗಳಿಗೆಯಲ್ಲಿ ಎಷ್ಟು ಯೋಚಿಸಿದರೂ ಬಾಯಿಗೆ ಬರಲಿಲ್ಲ. ಕೊಡುವವರಿಲ್ಲದವರಿಗೆಂದು ಇಡುವ ಧರ್ಮಪಿಂಡವನ್ನೇ ಅವಳನ್ನು ನೆನೆದು ಇಟ್ಟು ಬಂದೆ.